ಇಲಿಗೆ ಕ್ಯಾನ್ಸರ್ ಲಸಿಕೆ ಕೊಟ್ಟರೆ ಮೈಯೊಳಗೆ ಏನು ನಡೆಯುತ್ತದೆ?

ಪ್ರಶ್ನೆ: ಲಸಿಕೆಯಿಂದ ಇಲಿಗಳ ಕ್ಯಾನ್ಸರ್ ಗಡ್ಡೆ ಕರಗಿತು ಅನ್ನೋ ಸುದ್ದಿಯನ್ನು ಆಗಾಗ ಓದುತ್ತೇನೆ. ಲಸಿಕೆ ಅಂದ್ರೆ ಕಾಯಿಲೆ ಬರುವ ಮುಂಚೆ ಹಾಕಿಸಿಕೊಳ್ಳೋದು ಅಲ್ವಾ? ಆ ಇಲಿಗಳ ರೋಗನಿರೋಧಕ ಕೋಶಗಳು ನಿಜಕ್ಕೂ ಏನು ಮಾಡುತ್ತವೆ? ಇಲಿಯಲ್ಲಿ ಗೆದ್ದ ಲಸಿಕೆ ಮನುಷ್ಯರಲ್ಲಿ ಯಾಕೆ ಸೋಲುತ್ತದೆ?

ಉತ್ತರ: ನಿಮ್ಮ ಗೊಂದಲ ಸಹಜ. ನೀವು ಓದಿರುವ ಲಸಿಕೆಗಳಲ್ಲಿ ಹೆಚ್ಚಿನವು ಗಡ್ಡೆ ಬಂದ ಮೇಲೆ ಕೊಡುವಂಥವು. ಹೆಸರು ಲಸಿಕೆ, ಕೆಲಸ ಚಿಕಿತ್ಸೆಯದ್ದು. ಗಡ್ಡೆಯ ಕೋಶಗಳಲ್ಲಿ ಕಾಣುವ ಒಂದು ಪ್ರೋಟೀನ್ ತುಣುಕನ್ನೋ, ಅದನ್ನು ತಯಾರಿಸುವ ಎಂಆರ್‌ಎನ್‌ಎಯನ್ನೋ ಚುಚ್ಚಿ, 'ಇದನ್ನು ಹೊತ್ತವರನ್ನು ಹುಡುಕಿ ಕೊಲ್ಲಿ' ಎಂದು ದೇಹಕ್ಕೆ ಹೇಳಿಕೊಡುವುದು ಇದರ ಉದ್ದೇಶ.

ಚುಚ್ಚಿದ ಜಾಗದಲ್ಲಿ ಮೊದಲು ಕೈಹಾಕುವವು ಡೆಂಡ್ರಿಟಿಕ್ ಕೋಶಗಳು. ಮರದ ಕೊಂಬೆಗಳ ಹಾಗೆ ತೋಳು ಚಾಚಿಕೊಂಡಿರುವ ಇವನ್ನು ವಿಜ್ಞಾನಿ ರಾಲ್ಫ್ ಸ್ಟೈನ್‌ಮನ್ 1973ರಲ್ಲಿ ಇಲಿಯ ಸ್ಪ್ಲೀನ್‌ನಲ್ಲೇ (ಗುಲ್ಮದಲ್ಲೇ) ಗುರುತಿಸಿದ್ದು. ಅದಕ್ಕೆ 2011ರಲ್ಲಿ ನೊಬೆಲ್ ಬಂತು. ಇವು ಲಸಿಕೆಯ ತುಣುಕನ್ನು ನುಂಗಿ, ಹತ್ತಿರದ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹೋಗಿ, ಅಲ್ಲಿ ಹಾದುಹೋಗುವ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳಿಗೆ ತೋರಿಸುತ್ತವೆ. ಒಂದು ನಿರ್ದಿಷ್ಟ ತುಣುಕನ್ನು ಗುರುತಿಸಬಲ್ಲ ಸಿಡಿ8 ಟಿ ಕೋಶಗಳು, ಅಂದರೆ ಕೊಲ್ಲುವ ಬಗೆಯ ಟಿ ಕೋಶಗಳು, ಇಡೀ ಇಲಿಯಲ್ಲಿ ಕೆಲವು ನೂರು ಇದ್ದರೆ ಹೆಚ್ಚು. ತಮ್ಮ ತುಣುಕು ಕಣ್ಣಿಗೆ ಬಿದ್ದೊಡನೆ ಇವು ಒಂದೇ ಸಮನೆ ಒಡೆದು ಎರಡಾಗುತ್ತಾ ಹೋಗುತ್ತವೆ. ಸುಮಾರು ಒಂದು ವಾರದಲ್ಲಿ ಸಾವಿರಗಟ್ಟಲೆ, ಒಳ್ಳೆಯ ಲಸಿಕೆಯಾದರೆ ಲಕ್ಷಗಟ್ಟಲೆ ಆಗುತ್ತವೆ. ಗಡ್ಡೆಯನ್ನು ತಲುಪಿದರೆ, ಕ್ಯಾನ್ಸರ್ ಕೋಶಕ್ಕೆ ಅಂಟಿಕೊಂಡು ಪರ್ಫೊರಿನ್ ಎಂಬ ಪ್ರೋಟೀನ್‌ನಿಂದ ಅದರ ಹೊದಿಕೆಗೆ ತೂತು ಕೊರೆಯುತ್ತವೆ. ಗ್ರ್ಯಾಂಜೈಮ್ ಎಂಬ ಕಿಣ್ವಗಳನ್ನು ಒಳಗೆ ಕಳಿಸಿ ಕೊಲ್ಲುತ್ತವೆ.

'ತಲುಪಿದರೆ' ಅಂದೆ ನೋಡಿ, ಇಡೀ ಕಥೆ ಅಲ್ಲೇ ಇದೆ.

ರಕ್ತದಲ್ಲಿ ಟಿ ಕೋಶ ಜಾಸ್ತಿಯಾಯಿತು ಅಂದರೆ ಲಸಿಕೆ ಗೆದ್ದಿತು ಎಂದು ಬಹಳ ಕಾಲ ಅಂದುಕೊಂಡಿದ್ದರು. 2013ರಲ್ಲಿ ಪ್ರಕಟವಾದ ಒಂದು ಇಲಿ ಅಧ್ಯಯನ ಈ ನಂಬಿಕೆಯನ್ನು ಚೆನ್ನಾಗಿ ಅಲುಗಾಡಿಸಿತು. ಮೆಲನೋಮ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್, ಇರುವ ಇಲಿಗಳಿಗೆ ಎಣ್ಣೆಯಲ್ಲಿ ಕಲಸಿದ ಪೆಪ್ಟೈಡ್ (ಪುಟ್ಟ ಪ್ರೋಟೀನ್ ತುಣುಕು) ಲಸಿಕೆ ಕೊಟ್ಟರು. ಟಿ ಕೋಶಗಳೇನೋ ಹುಟ್ಟಿದವು. ಆದರೆ ಎಣ್ಣೆಯ ಜೊತೆ ಪೆಪ್ಟೈಡ್ ಚುಚ್ಚಿದ ಜಾಗದಲ್ಲೇ ವಾರಗಟ್ಟಲೆ ಉಳಿದಿತ್ತು. ಕೋಶಗಳು ಗಡ್ಡೆಯನ್ನು ಬಿಟ್ಟು ಅಲ್ಲಿಗೇ ನುಗ್ಗಿದವು, ಅಲ್ಲೇ ಸುಸ್ತಾಗಿ ಸತ್ತವು. ಬೇಗ ಕರಗಿಹೋಗುವ ರೂಪದಲ್ಲಿ ಕೊಟ್ಟಾಗ ಗಡ್ಡೆಯ ಕಡೆ ಹೋದವು. ಪಾಪ, ಸೈನ್ಯ ತಯಾರಾಗಿತ್ತು, ಯುದ್ಧ ಮಾತ್ರ ಬೇರೆ ಊರಲ್ಲಿ ನಡೆಯಿತು. ಈ ಎಣ್ಣೆಯ ಮಿಶ್ರಣವನ್ನೇ ಮನುಷ್ಯರ ಎಷ್ಟೋ ಪ್ರಯೋಗಗಳಲ್ಲಿ ಬಳಸಿದ್ದರು ಅನ್ನುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಗಡ್ಡೆಯೊಳಗೆ ಹೊಕ್ಕ ಮೇಲೂ ಕಷ್ಟ ಮುಗಿಯುವುದಿಲ್ಲ. ಅಲ್ಲಿ 'ಸಾಕು, ನಿಲ್ಲಿಸು' ಅನ್ನುವ ನಿಯಂತ್ರಕ ಟಿ ಕೋಶಗಳಿರುತ್ತವೆ. ಟಿ ಕೋಶದ ಮೇಲೇ ಪಿಡಿ-1, ಸಿಟಿಎಲ್‌ಎ-4 ಎಂಬ ಬ್ರೇಕ್‌ಗಳಿವೆ. ಬಿ16 ಎಂಬ ಮೆಲನೋಮ ಬೆಳೆಸಿದ ಕಪ್ಪು ಇಲಿಗಳಲ್ಲಿ ಆಗಲೇ ಬೇರೂರಿದ ಗಡ್ಡೆಗೆ ಲಸಿಕೆಯೊಂದೇ ಸಾಲಲಿಲ್ಲ. ಸಿಟಿಎಲ್‌ಎ-4 ಬ್ರೇಕ್ ಅನ್ನು ತಡೆಯುವ ಪ್ರತಿಕಾಯವೊಂದೇ ಕೊಟ್ಟರೂ ಆಗಲಿಲ್ಲ. 1999ರಲ್ಲಿ ಎರಡನ್ನೂ ಸೇರಿಸಿದಾಗ ಬಹುಪಾಲು ಇಲಿಗಳ ಗಡ್ಡೆ ಹೋಯಿತು. ಜೊತೆಗೆ ಅನೇಕ ಇಲಿಗಳ ಕಪ್ಪು ಕೂದಲು ಅಲ್ಲಲ್ಲಿ ಬೆಳ್ಳಗಾಯಿತು! ಟಿ ಕೋಶಗಳು ಕ್ಯಾನ್ಸರಿನ ಜೊತೆ ಬಣ್ಣ ತಯಾರಿಸುವ ಆರೋಗ್ಯವಂತ ಕೋಶಗಳನ್ನೂ ಹೊಡೆದಿದ್ದವು. ಲಸಿಕೆ ಕೆಲಸ ಮಾಡಿದ್ದು ಬರಿಗಣ್ಣಿಗೇ ಕಾಣುವಂತಿತ್ತು, ಅದರ ಅಪಾಯವೂ ಕೂಡ.

ಕೊಂದದ್ದು ಯಾವ ಕೋಶ ಎಂದು ತಿಳಿಯುವ ವಿಧಾನ ಸರಳ, ಸ್ವಲ್ಪ ಕ್ರೂರ. ಒಂದು ಗುಂಪಿನ ಇಲಿಗಳಲ್ಲಿ ಪ್ರತಿಕಾಯ ಕೊಟ್ಟು ಸಿಡಿ8 ಕೋಶಗಳನ್ನು ಅಳಿಸುತ್ತಾರೆ, ಇನ್ನೊಂದರಲ್ಲಿ ಸಿಡಿ4 ಎಂಬ ಇನ್ನೊಂದು ಬಗೆಯ ಟಿ ಕೋಶ, ಮತ್ತೊಂದರಲ್ಲಿ ಎನ್‌ಕೆ ('ನ್ಯಾಚುರಲ್ ಕಿಲ್ಲರ್') ಕೋಶ. ಯಾವುದು ಇಲ್ಲದಾಗ ಲಸಿಕೆ ಸೋಲುತ್ತದೋ ಅದು ಬೇಕೇ ಬೇಕು ಅಂತಾಯಿತು. ಸಹಾಯಕ ಅಂತಷ್ಟೇ ಕರೆಸಿಕೊಳ್ಳುತ್ತಿದ್ದ ಸಿಡಿ4 ಕೋಶಗಳ ಬೆಲೆ ಹೀಗೇ ಗೊತ್ತಾಗುತ್ತಾ ಬಂದಿದೆ. ಗಡ್ಡೆಯ ರೂಪಾಂತರಗಳನ್ನೇ, ಅಂದರೆ ಅದರ ಜೀನ್‌ಗಳಲ್ಲಾದ ಬದಲಾವಣೆಗಳನ್ನೇ ಗುರಿಯಾಗಿಸಿದ ಲಸಿಕೆಗಳನ್ನು ಜರ್ಮನಿಯ ಮೈಂಜ್‌ನ ತಂಡ ಇಲಿಗಳಲ್ಲಿ ಪರೀಕ್ಷಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಆ ರೂಪಾಂತರಗಳಿಗೆ ಸ್ಪಂದಿಸಿದ್ದು ಹೆಚ್ಚಾಗಿ ಸಿಡಿ4 ಕೋಶಗಳೇ.

ಇನ್ನು ಮನುಷ್ಯರ ವಿಷಯ. ಅಮೆರಿಕದಲ್ಲಿ 2004ರಲ್ಲಿ ಒಂದು ಲೆಕ್ಕ ಬಂತು: ಲಸಿಕೆ ಪಡೆದ 440 ರೋಗಿಗಳಲ್ಲಿ ಗಡ್ಡೆ ಅಳತೆಗೆ ಸಿಗುವಷ್ಟು ಕುಗ್ಗಿದ್ದು ಶೇ 2.6ರಷ್ಟು ಸಲ ಮಾತ್ರ. ಇಲಿ ಸುಳ್ಳು ಹೇಳಿತೇ? ಇಲ್ಲ, ನಾವು ಅದಕ್ಕೆ ಸುಲಭದ ಪ್ರಶ್ನೆ ಕೇಳಿದ್ದೆವು. ಪ್ರಯೋಗಾಲಯದ ಇಲಿಗಳು ಒಂದೇ ತಳಿಯವು, ಎಳೆಯವು, ಸೋಂಕಿಲ್ಲದ ಶುಚಿಯಾದ ಗೂಡಿನವು. ಗಡ್ಡೆಯನ್ನು ಚರ್ಮದಡಿ ಚುಚ್ಚಿ ಬೆಳೆಸುತ್ತಾರೆ. ಎಷ್ಟೋ ಸಲ ಮೂರು ನಾಲ್ಕು ದಿನಕ್ಕೇ, ಗಡ್ಡೆ ಇನ್ನೂ ಕಡಲೆಬೇಳೆಯಷ್ಟೂ ಇಲ್ಲದಾಗ ಲಸಿಕೆ ಕೊಡುತ್ತಾರೆ. ಮನುಷ್ಯನ ಗಡ್ಡೆ ವರ್ಷಗಟ್ಟಲೆ ರೋಗನಿರೋಧಕ ಕೋಶಗಳಿಂದ ತಪ್ಪಿಸಿಕೊಳ್ಳುವುದನ್ನು ಕಲಿತೇ ದೊಡ್ಡದಾಗಿರುತ್ತದೆ. ಹಾಗಾಗಿ ಸುದ್ದಿ ಓದುವಾಗ ಲಸಿಕೆಯನ್ನು ಯಾವ ದಿನ ಕೊಟ್ಟರು ಅನ್ನುವುದನ್ನು ಮೊದಲು ಹುಡುಕಿ. ಗಡ್ಡೆಗೆ ಮುಂಚೆಯೇ ಕೊಟ್ಟಿದ್ದರೆ ಅದು ಬೇರೆಯೇ ಲೆಕ್ಕ.

ಪ್ರಶ್ನೆ: ಒಂದು ಇಲಿಗೆ ಹಿಡಿಸಿದ ಲಸಿಕೆ ಎಲ್ಲ ಇಲಿಗಳಿಗೂ ಹಿಡಿಸುತ್ತದೆಯೇ?

ಉತ್ತರ: ಗಡ್ಡೆ ಅದೇ ಆದರೆ ಹಿಡಿಸಬಹುದು. 1957ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರೆನ್ ಮತ್ತು ಮೇನ್ ಎಂಬ ಸಂಶೋಧಕರು ರಾಸಾಯನಿಕದಿಂದ ಇಲಿಗಳಲ್ಲಿ ಗಡ್ಡೆ ಬರಿಸಿದರು. ಅದನ್ನು ಒಮ್ಮೆ ಬೆಳೆಸಿ ತೆಗೆದ ಇಲಿಗಳು, ಅದೇ ಗಡ್ಡೆಯನ್ನು ಮತ್ತೆ ನೆಟ್ಟಾಗ ಬೆಳೆಯಲು ಬಿಡಲಿಲ್ಲ. ಅದೇ ರಾಸಾಯನಿಕದಿಂದ ಹುಟ್ಟಿದ ಬೇರೆ ಗಡ್ಡೆ ನೆಟ್ಟರೆ ಸಾಮಾನ್ಯವಾಗಿ ಬೆಳೆಯಿತು. ಒಂದೊಂದು ಗಡ್ಡೆಯ ರೂಪಾಂತರವೂ ಬೇರೆ ಬೇರೆ. ಒಬ್ಬೊಬ್ಬ ರೋಗಿಯ ಗಡ್ಡೆಯನ್ನು ಓದಿ ಅವರಿಗೇ ಅಂತ ಲಸಿಕೆ ತಯಾರಿಸುವ ಈಗಿನ ಪ್ರಯತ್ನದ ಬೇರು ಇಲ್ಲಿದೆ.

ಪ್ರಶ್ನೆ: ಇಲಿ ಬಿಟ್ಟು ಬೇರೆ ಪ್ರಾಣಿಗಳಲ್ಲಿ?

ಉತ್ತರ: ನಾಯಿಗಳು ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತವೆ, ಅವಕ್ಕೆ ಕ್ಯಾನ್ಸರ್ ತಾನಾಗಿಯೇ ಬರುತ್ತದಲ್ಲ. ನಾಯಿಗಳ ಬಾಯಿಯ ಮೆಲನೋಮಕ್ಕೆ ಅಮೆರಿಕದಲ್ಲಿ ಒಂದು ಡಿಎನ್‌ಎ ಲಸಿಕೆಗೆ 2007ರಲ್ಲಿ ಷರತ್ತಿನ ಪರವಾನಗಿ, 2010ರಲ್ಲಿ ಪೂರ್ಣ ಪರವಾನಗಿ ಸಿಕ್ಕಿತು. ಅದರಲ್ಲಿರುವುದು ಮನುಷ್ಯರ ಟೈರೊಸಿನೇಸ್ (ಚರ್ಮದ ಬಣ್ಣ ತಯಾರಿಸಲು ಬೇಕಾದ ಪ್ರೋಟೀನ್) ಜೀನ್. ತನ್ನದೇ ಟೈರೊಸಿನೇಸ್ ಆದರೆ ನಾಯಿಯ ದೇಹ ಸುಮ್ನೆ ಬಿಡುತ್ತದೆ. ಮನುಷ್ಯರದ್ದು ಕೊಂಚ ಬೇರೆ, ಆದ್ದರಿಂದ ಕೆರಳುತ್ತದೆ, ಕೆರಳಿದ ಮೇಲೆ ತನ್ನ ಗಡ್ಡೆಯಲ್ಲಿರುವುದನ್ನೂ ಹಿಡಿಯುತ್ತದೆ ಎಂಬ ಲೆಕ್ಕಾಚಾರ. ಕೆಲವು ನಾಯಿಗಳಲ್ಲಿ ಇದಕ್ಕೆ ಪ್ರತಿಕಾಯಗಳೂ ಕಂಡವು. ಆದರೆ ಆಯಸ್ಸು ಎಷ್ಟು ಹೆಚ್ಚಿತು ಎಂದು ನೋಡಿದ ಅಧ್ಯಯನಗಳಲ್ಲಿ ಒಮ್ಮತವಿಲ್ಲ. ಕೆಲವಕ್ಕೆ ಲಾಭ ಕಂಡಿದೆ, ಕೆಲವಕ್ಕೆ ಕಂಡಿಲ್ಲ.