‘ಪ್ರತೀತಿ ಇದೆ’ ಅಂದರೆ, ಹೇಳಿದ್ದು ಯಾರು?

ನಮಸ್ಕಾರ.

ದಕ್ಷಿಣ ಕನ್ನಡದ ನಂದಿನಿ ಹೊಳೆಗೆ ಆ ಹೆಸರು ಹೇಗೆ ಬಂತು ಎಂಬ ನಿಮ್ಮ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತ ತಪ್ಪಿಲ್ಲ. ಕಟೀಲಿನಿಂದ ಅಳಿವೆಯವರೆಗೆ ದಡದಲ್ಲೇ ಓಡಾಡಿದೆ ಅಂತ ಪತ್ರದಲ್ಲಿ ಹೇಳಿದ್ದೀರಿ. ಆ ಓಡಾಟ ಲೇಖನದಲ್ಲಿ ಎಲ್ಲೂ ಇಲ್ಲ. ಸಿಟ್ಟು ಬಂದಿದ್ದು ಅದಕ್ಕೇ.

ಮೊದಲ ಸಾಲು: ‘ಜಾಬಾಲಿ ಮುನಿಯ ಶಾಪದಿಂದ ನಂದಿನಿ ನದಿಯಾದಳೆಂಬ ಪ್ರತೀತಿ ಇದೆ.’ ಎರಡನೆಯದು: ‘ನದಿಯ ಕಟಿಯಲ್ಲಿ, ಅಂದರೆ ನಡುವಿನಲ್ಲಿ, ದೇವಿ ನೆಲೆಸಿದ್ದರಿಂದ ಕಟೀಲು ಎಂದಾಯಿತು ಎನ್ನಲಾಗುತ್ತದೆ.’ ಮೂರನೆಯದರ ಕೊನೆಗೆ ‘ಎಂದು ಹೇಳುತ್ತಾರೆ’. ಯಾರು ಮಾರಾಯ್ರೆ? ಅರ್ಚಕರಾ, ಭಾಗವತರಾ, ನಿಮ್ಮ ಅಜ್ಜಿಯಾ?

ಆ ಮೊದಲ ಸಾಲಿನೊಳಗೆ ಎಂಥ ಜಗಳ ಇದೆ ನೋಡಿ. ಭೂಮಿಯಲ್ಲಿ ಬರ. ಯಜ್ಞಕ್ಕೆ ಬಾ ಅಂತ ಮುನಿ ಕಾಮಧೇನುವಿನ ಮಗಳು ನಂದಿನಿಯನ್ನು ಕರೆಯುತ್ತಾನೆ. ಪಾಪಿಗಳ ಲೋಕಕ್ಕೆ ನಾನು ಬರಲ್ಲ ಅನ್ನುತ್ತಾಳೆ ಅವಳು. ಬರ ನೀಗಿಸಲು ಬರಲ್ಲ ಅಂದವಳು ಕೊನೆಗೆ ನೀರೇ ಆಗಿ ಹರಿಯಬೇಕಾಯಿತು! ಕತೆಯ ರುಚಿ ಇರುವುದೇ ಅಲ್ಲಿ. ನೀವು ಅದನ್ನು ‘ಶಾಪದಿಂದ’ ಅಂತ ಒಂದೇ ಪದದಲ್ಲಿ ಮುಗಿಸಿದ್ದೀರಿ.

ಇನ್ನೊಂದು. ಕೆಳಗೆ ಬಂದರೆ ಇದೇ ನೀರಿಗೆ ಜನ ಪಾವಂಜೆ ಹೊಳೆ ಅನ್ನುತ್ತಾರೆ. ಹೆಸರಿನ ಬಗ್ಗೆಯೇ ಬರೆದ ಲೇಖನದಲ್ಲಿ ಈ ಹೆಸರೇ ಇಲ್ಲ ಅಂದರೆ ಹೇಗೆ? ಅಳಿವೆಯಲ್ಲಿ ನೀರು ‘ಜುಳುಜುಳು’ ಹರಿಯಿತು ಅಂತ ಬೇರೆ ಬರೆದಿದ್ದೀರಿ. ಶಾಂಭವಿ ಹೊಳೆಯೂ ನಂದಿನಿಯೂ ಕೂಡಿ ಕಡಲು ಸೇರುವ ಜಾಗ ಅದು. ಉಬ್ಬರದಲ್ಲಿ ಉಪ್ಪುನೀರು ಮೇಲಕ್ಕೆ ನುಗ್ಗುತ್ತದೆ. ಜುಳುಜುಳು ಎಲ್ಲಿ ಕೇಳಿಸಿತು ನಿಮಗೆ?

ನಾನೂ ಹೀಗೇ ಬರೆದವನು. ಮೊದಲ ಕೆಲಸದಲ್ಲಿ, ಒಂದು ಸಣ್ಣ ಪತ್ರಿಕೆಗೆ, ನಮ್ಮೂರ ಹೊಳೆಯ ಹೆಸರಿನ ಬಗ್ಗೆ ಒಂದು ಬರಹ ಕೊಟ್ಟಿದ್ದೆ. ಸಂಪಾದಕರು ‘ಪ್ರತೀತಿ’ಗೆ ಕೆಂಪು ಗೆರೆ ಎಳೆದು ‘ಯಾರು ಹೇಳಿದ್ದು?’ ಅಂದರು. ಯಾರೂ ಹೇಳಿರಲಿಲ್ಲ. ಯಾವುದೋ ಸ್ಮರಣ ಸಂಚಿಕೆಯಿಂದ ಸುಮ್ನೆ ಎತ್ತಿದ್ದು. ಮರುದಿನ ಹೊಳೆಯತ್ತ ಹೋದೆ. ಇಳಿತದ ಹೊತ್ತು, ಒಬ್ಬ ಹೆಂಗಸು ಸೊಂಟದ ತನಕ ನೀರಲ್ಲಿ ನಿಂತು ಮರುವಾಯಿ, ಅಂದರೆ ಚಿಪ್ಪುಮೀನು, ಹೆಕ್ಕುತ್ತಿದ್ದರು. ಹೊಳೆಯ ಹೆಸರು ಕೇಳಿದೆ. ನಕ್ಕರು. ‘ಎಂಕ್ಲೆಗ್ ಅವು ಸುದೆ’ ಅಂದರು ತುಳುವಿನಲ್ಲಿ. ನಮಗದು ಹೊಳೆ, ಅಷ್ಟೇ. ಅದನ್ನೇ ಮೊದಲ ಸಾಲು ಮಾಡಿದೆ. ಅಚ್ಚಾಯಿತು.

ತಿದ್ದಿ ಕಳಿಸಿ. ಅದಕ್ಕೆ ಮೊದಲು ಒಮ್ಮೆ ಪಾವಂಜೆ ಸೇತುವೆಯ ಕೆಳಗಿಳಿದು ಯಾರನ್ನಾದರೂ ಕೇಳಿ. ಚಪ್ಪಲಿ ದಡದಲ್ಲೇ ಬಿಡಿ, ಕೆಸರು ಜಾಸ್ತಿ.