ಮೊದಲ ರಿವಾಲ್ವರೇ .500 ಬ್ಯಾಡ್ರಿ

ಪ್ರಶ್ನೆ: ಸರ್, ನಮ್ಮ ತಮ್ಮ ಅಮೆರಿಕದ ಟೆಕ್ಸಾಸ್‌ನಾಗ ಅದಾನ, ಗ್ರೀನ್ ಕಾರ್ಡ್ ಐತಿ. ಮೊದಲ ಸಲ ರಿವಾಲ್ವರ್ ತಗೊಳಾಕತ್ತಾನ, ಅದೂ .500 ಮ್ಯಾಗ್ನಮ್ಮೇ (ಅರ್ಧ ಇಂಚು ದಪ್ಪದ, ಭಾಳ ಜೋರಿನ ಗುಂಡಿಂದು) ಬೇಕಂತ. .44 ಸಾಕು ಅಂತಾರ ಅವನ ಗೆಳೆಯರು. ನಾವು ವಿಸಿಟರ್ ವೀಸಾದ ಮ್ಯಾಲೆ ಹೊಂಟೀವಿ, ಗುರಿ ಹೊಡಿಯೋ ರೇಂಜಿಗೆ ಕರ್ಕೊಂಡು ಹೋಗ್ತೀನಿ ಅಂದಾನ. ನನಗ ರೈಸ್ ಮಿಲ್ಲಿನ ಲೈಸೆನ್ಸ್ .32 ಬಿಟ್ರ ಬ್ಯಾರೆ ಗೊತ್ತಿಲ್ಲ. ಏನು ಹುಷಾರಿರ್ಬೇಕು?
– ಓದುಗರು, ಗಂಗಾವತಿ

ಉತ್ತರ: ಅಣ್ಣಾರೆ, ನನ್ನ ಕೇಳಿದ್ರ ಎರಡೂ ಬ್ಯಾಡ, ಮೊದ್ಲು .357 ಮ್ಯಾಗ್ನಮ್ ತಗೊಳ್ಳಿ ಅಂತ ಹೇಳ್ರಿ. ಅದ್ರಾಗ .38 ಸ್ಪೆಷಲ್ ಗುಂಡೂ ಹಾರ್ತದ, ಹಂಗಾಗಿ ಮೆತ್ತಗಿನ ಗುಂಡಿನಾಗ ಕೈ ಕೂಡಿಸ್ಕೊಂಡು ಆಮ್ಯಾಲೆ ಜೋರಿಂದಕ್ಕ ಹೋಗಬಹುದು. .44 ಬೇಕೇ ಬೇಕಂದ್ರ ಅದಕ್ಕೂ ಹಂಗೇ .44 ಸ್ಪೆಷಲ್ ಐತಿ. .500 ಬಂದಿದ್ದು 2003ರಾಗ, ಗುಂಡು ತುಂಬೋ ತಿರುಗೋ ಸಿಲಿಂಡರಿನಾಗ ಐದೇ ಗುಂಡು, ಉದ್ದ ಬ್ಯಾರಲ್ಲಿಂದು ಹತ್ರತ್ರ 2 ಕೆಜಿ ತೂಗ್ತದ, ಕಲಿಯೋ ಕೈಗೆ ಅದು ಅಲ್ಲ. ಇನ್ನೊಂದು, ಹಗುರ ಐತಿ ಅಂತ ಸಣ್ಣ ಮಾಡೆಲ್ ತಗೊಂಡ್ರ ಅದೇ ಗುಂಡು ಇನ್ನೂ ಜೋರು ಒದೀತದ. ಅಂಗಡ್ಯಾಗ ಹಿಡಿದು ನೋಡ್ಲಿ, ಬೆರಳಿನ ತುದಿ ಟ್ರಿಗರಿಗೆ ಆರಾಮ ಮುಟ್ಟಬೇಕು, ಎಳದ್ರ ಹಿಡಿತ ತಿರುಗಬಾರ್ದು.

ಈಗ ಮುಖ್ಯ ಮಾತು. ಮೊದಲ ದಿನ ಸಿಲಿಂಡರ್ ತುಂಬಬ್ಯಾಡ್ರಿ, ಒಂದೇ ಗುಂಡು. ಯಾಕಂದ್ರ ದೊಡ್ಡ ರಿವಾಲ್ವರ್ ಹಾರಿದಾಗ ಬ್ಯಾರಲ್ ಮ್ಯಾಲಕ್ಕ ಹಣೆ ಕಡೆ ಬರ್ತದ, ಕೈ ಜಾರ್ತದಂತ ಹೆದರಿ ಬಿಗಿಯಾಗಿ ಹಿಡ್ಕೊಳ್ತಾರ, ಆ ಬಿಗಿತದಾಗ ಬೆರಳು ಗೊತ್ತಿಲ್ದಂಗ ಟ್ರಿಗರ್ ಇನ್ನೊಮ್ಮೆ ಎಳೀತದ, ಎರಡನೇ ಗುಂಡು ಎಲ್ಲಿಗೆ ಹೋತು ಹೇಳಾಕ ಬರಂಗಿಲ್ಲ, ಇದ್ರಾಗ ಜೀವಾನೂ ಹೋಗ್ಯಾವು. ಆ ಒಂದು ಗುಂಡು ಸಿಲಿಂಡರಿನ ಯಾವ ಮನ್ಯಾಗ (ತೂತಿನಾಗ) ಹಾಕ್ಬೇಕು? ಸ್ಮಿತ್ ಅಂಡ್ ವೆಸನ್ ಕಂಪನಿಯ ಸಿಲಿಂಡರ್ ಹಿಡಿದವರ ಎಡಕ್ಕ ತಿರುಗ್ತದ, ಹಂಗಾಗಿ ಬ್ಯಾರಲ್ ಎದುರಿನ ಮನಿಯ ಬಲಗಡೆದಕ್ಕ. ಕೋಲ್ಟ್ ಕಂಪನಿದು ಬಲಕ್ಕ ತಿರುಗ್ತದ, ಅದಕ್ಕ ಎಡಗಡೆದು.

ಎಡಗೈ ಮುಂದ ಚಾಚಿ ಬ್ಯಾರಲ್ ಕೆಳಗ ಹಿಡಿಯೋದು ಭಾಳ ಕೆಟ್ಟದ್ದು. ಸಿಲಿಂಡರಿಗೂ ಬ್ಯಾರಲ್ಲಿಗೂ ನಡುವ ಕೂದಲೆಳಿಯಷ್ಟು ಸಂದು ಇರ್ತದಲ್ಲ, ಅಲ್ಲಿಂದ ಸುಡೋ ಗ್ಯಾಸು, ಸೀಸದ ಚೂರು ಪಕ್ಕಕ್ಕ ಚಿಮ್ತಾವು. ನಿಮ್ಮ .32ದಾಗೂ ಅದು ಐತಿ ಆದ್ರ ಕಡಿಮಿ, .500ದಾಗ ಬೆರಳು ಹರಿಯೋವಷ್ಟು ಜೋರು. ಎರಡೂ ಕೈ ಹಿಡಿಕಿ ಮ್ಯಾಲೇ ಇರ್ಲಿ, ಪಕ್ಕದಾಗ ಯಾರೂ ನಿಂದ್ರಬಾರ್ದು. ಕನ್ನಡಕ, ಕಿವಿಗೆ ಪ್ಲಗ್ಗು, ಅದ್ರ ಮ್ಯಾಲೆ ಕಿವಿ ಮುಚ್ಚೋ ಮಫ್, ಎರಡೂ ಬೇಕು. ಟ್ರಿಗರ್ ಎಳೆದ್ರೂ ಹಾರ್ಲಿಲ್ಲಂದ್ರ ಕನಿಷ್ಠ 30 ಸೆಕೆಂಡ್ ಟಾರ್ಗೆಟ್ ಕಡೇನೇ ಹಿಡೀರಿ. ಟುಸ್ ಅಂತ ಸಣ್ಣ ಸಪ್ಪಳ ಬಂತಂದ್ರ ನಿಲ್ಸಿಬಿಡ್ರಿ, ಗುಂಡು ಬ್ಯಾರಲ್ಲಿನಾಗ ಸಿಕ್ಕಿರಬಹುದು, ಇನ್ನೊಂದು ಹಾರ್ಸಿದ್ರ ಬ್ಯಾರಲ್ ಒಡೀತದ. ಮುಗಿದ ಮ್ಯಾಲೆ ಊಟಕ್ಕ ಮೊದ್ಲು ಸೋಪಿನಿಂದ ಕೈ ತೊಳೀರಿ, ಸೀಸ ಅಂಟಿರ್ತದ.

ವೀಸಾ ವಿಷಯ ಹಗುರ ತಗೋಬ್ಯಾಡ್ರಿ. ವಿಸಿಟರ್ ವೀಸಾದವರು ಬಂದೂಕು ಹಿಡಿಯೋದು ಅಲ್ಲಿ ಕೇಂದ್ರದ ಕಾನೂನು ಪ್ರಕಾರ ಸಾಮಾನ್ಯವಾಗಿ ಅಪರಾಧ, ಇರೋ ಕೆಲವು ವಿನಾಯಿತಿ ಒಳಗ ಅಲ್ಲಿನ ಹಂಟಿಂಗ್ ಲೈಸೆನ್ಸ್ ಒಂದು. ಅದು ಕೈಯಾಗ ಬಂದ ಮ್ಯಾಲೇ ರೇಂಜಿಗೆ ಹೋಗ್ರಿ. ವಾಪಸ್ ಬರುವಾಗ ನೆನಪಿಗಂತ ಒಂದು ಗುಂಡು ಬ್ಯಾಗಿನಾಗ ಉಳಿದ್ರೂ ಏರ್‌ಪೋರ್ಟಿನಾಗ ಆರ್ಮ್ಸ್ ಆಕ್ಟ್ ಕೇಸ್ ಆಗ್ತದ, ಹೊರಡೋ ಹಿಂದಿನ ರಾತ್ರಿ ಬ್ಯಾಗಿನ ಪ್ರತಿ ಜೇಬೂ ಬಗ್ಗಿಸಿ ನೋಡ್ರಿ.

ಪ್ರಶ್ನೆ: ಅಲಾಸ್ಕಾದಾಗ ಕರಡಿಗೆ .44 ಇಟ್ಕೊಂಡು ತಿರುಗ್ತಾರಂತಲ್ಲ, ದರೋಜಿ ಕಡೆ ನಮ್ಮ ಹೊಲಕ್ಕೂ ಕರಡಿ ಬರ್ತಾವು, ನಾನೂ ಲೈಸೆನ್ಸಿಗೆ ಹಾಕ್ಲಾ?
– ಓದುಗರು, ಸಂಡೂರು

ಉತ್ತರ: ಬ್ಯಾಡ್ರಿ. ನಮ್ಮ ಕರಡಿ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನಾಗ ಐತಿ, ಬೆಳೆ ಕಾಯಾಕ ಅಂತ ಹೊಡದ್ರ ಜೈಲೇ. ಕತ್ತಲದಾಗ ಮೈಮ್ಯಾಲೆ ಬರೋ ಕರಡಿಗೆ ರಿವಾಲ್ವರ್ ಗುರಿ ಕೂಡೋದು ಭಾಳ ಪಳಗಿದವ್ರಿಗೇ ಕಷ್ಟ. ರಾತ್ರಿ ನೀರು ಬಿಡಾಕ ಇಬ್ರು ಹೋಗ್ರಿ, ಜೋರು ಟಾರ್ಚ್ ಇರ್ಲಿ, ಮಾತಾಡ್ಕೊಂತ ನಡೀರಿ, ಸಪ್ಪಳ ಕೇಳಿದ್ರ ಕರಡಿ ಸಾಮಾನ್ಯವಾಗಿ ತಾನೇ ಸರೀತದ. ಬೆಳೆ ಹಾಳಾಗಿದ್ರ ಫೋಟೋ ತಗೊಂಡು ಅರಣ್ಯ ಇಲಾಖಿಗೆ ಪರಿಹಾರದ ಅರ್ಜಿ ಕೊಡ್ರಿ.