ಬೆಟ್ಟದ ಹಳೆಯ ಮನೆಗೆ ಸಿಮೆಂಟ್ ಬಳಿಯುವ ಮೊದಲು

ಬೆಟ್ಟದ ಮೇಲಿನ ಹಳೆಯ ರಜಾಮನೆಯೊಂದನ್ನು ಕೊಂಡಿದ್ದೀರಿ, ಗೋಡೆಗಳ ಬುಡದಲ್ಲಿ ಗಾರೆ ಉದುರುತ್ತಿದೆ, ಎಲ್ಲವನ್ನೂ ಕೆರೆಸಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಮರದ ನೆಲ ಕೀಳಿಸಿ ಟೈಲ್ಸ್ ಹಾಕಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಈ ವರ್ಷ ಎರಡನ್ನೂ ಮಾಡಿಸಬೇಡಿ. ಇಂಥದೇ ಮನೆಯೊಂದರಲ್ಲಿ ನಾನು ಆ ತಪ್ಪನ್ನು ಮಾಡಿಸಿದ್ದೇನೆ. ಅದನ್ನು ಸರಿಪಡಿಸಲು ಮೂರು ವರ್ಷ ಹಿಡಿಯಿತು.

ಮೊದಲು ಮನೆಯ ವಯಸ್ಸನ್ನು ತಿಳಿದುಕೊಳ್ಳಿ. ಹಳೆಯ ಕ್ರಯಪತ್ರ, ಫೋಟೋಗಳು ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಮನೆಯೇ ಬೇಕಾದಷ್ಟು ಹೇಳುತ್ತದೆ. ಅಟ್ಟಕ್ಕೆ ಹತ್ತಿ ಮೊಳೆಗಳನ್ನು ನೋಡಿ: ಚಪ್ಪಟೆ ಮೈಯ, ಚೌಕ ಮೊಳೆಗಳಿದ್ದರೆ ಆ ಭಾಗ ಬಹುಮಟ್ಟಿಗೆ 19ನೆಯ ಶತಮಾನದ್ದು, ತಂತಿಯಿಂದ ಮಾಡಿದ ದುಂಡು ಮೊಳೆ ಎಲ್ಲೆಡೆ ಬಳಕೆಗೆ ಬಂದದ್ದು ಆ ಶತಮಾನದ ಕೊನೆಯಲ್ಲಿ. ಅಲೆಅಲೆಯಾಗಿ ಕಾಣುವ ಕಿಟಕಿ ಗಾಜು ಹಳೆಯದು, ಅದನ್ನು ಒಡೆಯಲು ಬಿಡಬೇಡಿ. ಮಾಡಿಗೆ ಸುಕ್ಕು ತಗಡಿದ್ದರೆ ಅದು ಆಮೇಲಿನ ದುರಸ್ತಿ ಎಂದು ತೀರ್ಮಾನಿಸುವ ಹಾಗಿಲ್ಲ, ಏಕೆಂದರೆ ಅಂಥ ತಗಡಿಗೆ 1829ರಲ್ಲಿಯೇ ಇಂಗ್ಲೆಂಡಿನಲ್ಲಿ ಪೇಟೆಂಟ್ ಆಗಿತ್ತು. ಹೊರಲು ಹಗುರವಾದ್ದರಿಂದ ಬೆಟ್ಟದ ಮನೆಗಳಿಗೆ ಅದು ಮೊದಲಿನಿಂದಲೂ ಅನುಕೂಲವಾಗಿತ್ತು.

ವಯಸ್ಸು ಏಕೆ ಮುಖ್ಯವೆಂದರೆ, ಗೋಡೆ ಯಾವುದರಿಂದ ಕಟ್ಟಿದ್ದು ಎಂಬುದು ಅದರಿಂದ ತಿಳಿಯುತ್ತದೆ. ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಇಂದಿನ ಸಾಮಾನ್ಯ ಸಿಮೆಂಟಿನ ಮೂಲವಾದ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಾದರೂ ಸಾಮಾನ್ಯ ಮನೆಗಳ ಗೋಡೆಗೆ ಅದು ವ್ಯಾಪಕವಾಗಿ ಬಂದದ್ದು 20ನೆಯ ಶತಮಾನದಲ್ಲಿ. ಅದಕ್ಕೂ ಹಿಂದಿನ ಕಲ್ಲಿನ ಗೋಡೆ ಎಂದರೆ ಸಾಧಾರಣವಾಗಿ ಸುಣ್ಣದ ಗಾರೆಯಿಂದ ಅಥವಾ ಮಣ್ಣಿನಿಂದ ಕಲ್ಲು ಕೂರಿಸಿದ ಗೋಡೆ. ಅಂಥ ಗೋಡೆ ನೆಲದಿಂದ ತೇವವನ್ನು ಹೀರುತ್ತದೆ, ಬಿಸಿಲು ಗಾಳಿ ತಾಗಿದಾಗ ಸುಣ್ಣದ ಸಣ್ಣ ರಂಧ್ರಗಳ ಮೂಲಕ ಅದನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಹೊರಬರುವ ದಾರಿ ಮುಚ್ಚುತ್ತದೆ. ನೀರು ಒಳಗೇ ಮೇಲೇರಿ ತೊಲೆಯ ತುದಿಗಳನ್ನು ತಲುಪುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಎತ್ತರದಲ್ಲಿ ಇನ್ನೂ ಕಷ್ಟ, ಏಕೆಂದರೆ ನೀರು ಮಂಜುಗಡ್ಡೆಯಾದಾಗ ಸುಮಾರು ಶೇ 9ರಷ್ಟು ಹಿಗ್ಗಿ ಕಲ್ಲಿನ ಮುಖವನ್ನೇ ಎಬ್ಬಿಸುತ್ತದೆ.

ನನ್ನ ಮನೆಯಲ್ಲಿ ಆದದ್ದೂ ಇದೇ. ಗುತ್ತಿಗೆದಾರರು ಹೊರಗೋಡೆಗೆ ಸೊಂಟದೆತ್ತರ ಸಿಮೆಂಟ್ ಬಳಿದರು, ಎರಡು ಮಳೆಗಾಲ ನೋಡಲು ಚೆನ್ನಾಗಿಯೇ ಇತ್ತು. ಮೂರನೆಯ ವರ್ಷ ಮೂಲೆಯ ಹಲಗೆಯೊಂದನ್ನು ಎತ್ತಿ, ಗೋಡೆಯೊಳಗೆ ಕೂತಿದ್ದ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಒತ್ತಿದೆ. ಹದವಾದ ಮಣ್ಣಿಗೆ ಇಳಿದಂತೆ ಅದು ಹಿಡಿಯವರೆಗೆ ಇಳಿಯಿತು. ಅದೇ ತೊಲೆ ಒಂದೂವರೆ ಅಡಿ ಈಚೆಗೆ ಕಬ್ಬಿಣದಷ್ಟು ಗಟ್ಟಿಯಾಗಿತ್ತು. ಹಾಗಾಗಿ ಇಡೀ ತೊಲೆಯನ್ನು ಬದಲಿಸದೆ, ಲಡ್ಡಾದ ತುದಿಯನ್ನು ಮಾತ್ರ ಓರೆಯಾಗಿ ಕತ್ತರಿಸಿ ಅದೇ ಜಾತಿಯ ಒಣಮರವನ್ನು ಜೋಡಿಸಿ ಬೋಲ್ಟ್ ಹಾಕಿಸಿದೆ. ನಿಮ್ಮ ನೆಲದ ಕೆಳಗೂ ಹೀಗೆ ಚುಚ್ಚಿ ನೋಡಿ. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಶಿಲೀಂಧ್ರದ ಭಯವಿಲ್ಲ. ತೇವಾಂಶದ ಮೀಟರ್ ಒಂದನ್ನು ಕೊಂಡರೆ ವ್ಯರ್ಥವಾಗುವುದಿಲ್ಲ.

ಗಾರೆಗೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಚೂಪು ಕಣಗಳ ತೊಳೆದ ಮರಳು ಒಳ್ಳೆಯ ಆರಂಭ. ತೆಳ್ಳಗೆ, ಪದರ ಪದರವಾಗಿ ಬಳಿಸಿ. ಪ್ರತಿ ಪದರವನ್ನೂ ಒದ್ದೆ ಗೋಣಿಯಿಂದ ಮುಚ್ಚಿ ನಿಧಾನವಾಗಿ ಆರಿಸಿ, ಏಕೆಂದರೆ ಸುಣ್ಣ ಬರಿದೆ ಒಣಗಿ ಗಟ್ಟಿಯಾಗುವುದಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಸುಟ್ಟ ಸುಣ್ಣವನ್ನು ನೀವೇ ಅರಳಿಸುವುದಾದರೆ ಕಣ್ಣಿಗೆ ಕನ್ನಡಕ, ಕೈಗೆ ಗವಸು ಕಡ್ಡಾಯ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದನ್ನು ಒಣಗಿದ್ದಂತೆ ಉಜ್ಜಿಸಲೇಬೇಡಿ.

ಇವೆಲ್ಲಕ್ಕೂ ಮೊದಲು ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆಯ ಸುತ್ತ ನಡೆಯಿರಿ. ಮಾಡಿನ ಅಂಚಿನ ನೀರಿನ ದೋಣಿ ಎಲ್ಲಿ ತುಳುಕುತ್ತದೆ, ಮೇಲಿನ ಇಳಿಜಾರಿನ ನೀರು ಯಾವ ಗೋಡೆಗೆ ಬಂದು ನಿಲ್ಲುತ್ತದೆ ಎಂಬುದನ್ನು ಬರೆದುಕೊಳ್ಳಿ. ಈ ವರ್ಷ ಮಾಡು, ದೋಣಿ, ಮೇಲ್ಬದಿಯ ಚರಂಡಿ ಇಷ್ಟನ್ನೇ ಸರಿಮಾಡಿಸಿ. ರಜಾಮನೆ ತಿಂಗಳುಗಟ್ಟಲೆ ಮುಚ್ಚಿರುವುದರಿಂದ ನೆಲದಡಿಯ ಗಾಳಿಕಿಂಡಿಗಳು ತೆರೆದಿರಲಿ. ಬುಡದ ಗೋಡೆಯಲ್ಲಿ ಎರಡಡಿ ಚೌಕದಷ್ಟು ಗಾರೆ ತೆಗೆದು ಒಂದು ಮಳೆಗಾಲ ಹಾಗೆಯೇ ಬಿಡಿ. ಅಲ್ಲಿನ ಕಲ್ಲು ಎಷ್ಟು ದಿನಕ್ಕೆ ಒಣಗಿತೆಂದು ಫೋಟೋ ಸಮೇತ ಇಲ್ಲಿ ಹಾಕಿದರೆ, ಮುಂದೆ ಎಷ್ಟೆತ್ತರ ಕೆರೆಸಬೇಕೆಂದು ಹೇಳುತ್ತೇನೆ.